ಹೊಸ ಅಟ್ಯಾಕ್ ಕೈಗೂಡುತ್ತಿಲ್ಲವೇ? ಎರಡು ಪಾಸ್ ಹಿಂದಕ್ಕೆ ಹೋಗಿ ನೋಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜು ಮತ್ತು ಕ್ಲಬ್ ಫುಟ್‌ಬಾಲ್ ತಂಡಗಳಲ್ಲಿ ಹಲವು ಈಗಲೂ ಆಡುವುದು ಎತ್ತಿ ಹೊಡೆಯೋ ಆಟವನ್ನೇ. ಕೀಪರ್ ಬೀಸಿ ಒದೆಯುತ್ತಾನೆ, ಮುಂದಿನ ಇಬ್ಬರು ಓಡುತ್ತಾರೆ, ಬಿದ್ದ ಬಾಲಿಗೆ ಎಲ್ಲರೂ ಮುಗಿಬೀಳುತ್ತಾರೆ. ಇದನ್ನು ಬಿಟ್ಟು, ಹಿಂದಿನಿಂದಲೇ ನೆಲದ ಮೇಲೆ ಪಾಸ್ ಕೊಟ್ಟುಕೊಂಡು ಮೇಲೇರುವ 4-3-3ಕ್ಕೆ (ನಾಲ್ವರು ಬ್ಯಾಕ್, ಮೂವರು ಮಿಡ್‌ಫೀಲ್ಡರ್, ಮುಂದೆ ಮೂವರು) ಬಂದ ತಂಡ ಶುರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ಆಡುತ್ತದೆ. ಅದು ಸಹಜ. ಆದರೆ ಒಂದೂವರೆ ತಿಂಗಳಾದರೂ ಅದೇ ಪಾಡಾದರೆ ಎಲ್ಲೋ ದೋಷವಿದೆ. ಅದನ್ನು ಹುಡುಕುವ ಕ್ರಮ ಇಲ್ಲಿದೆ.

ಹುಡುಕುವಾಗ ಎಲ್ಲರೂ ಎಡವುವುದು ಒಂದೇ ಕಡೆ: ಬಾಲು ಯಾರ ಕಾಲಿನಿಂದ ಎದುರಾಳಿಗೆ ಹೋಯಿತೋ ಅವನನ್ನು ಬೈಯುವುದು. ಬಾಲು ಹೋದ ಜಾಗ ಬೇರೆ, ತಪ್ಪು ಹುಟ್ಟಿದ ಜಾಗ ಬೇರೆ. ವಿಂಗರ್ (ಮೈದಾನದ ಅಂಚಿನಲ್ಲಿ ಮುಂದೆ ಆಡುವವನು) ಸಿಕ್ಕಿಹಾಕಿಕೊಂಡ ಎಂದರೆ ಸಾಮಾನ್ಯವಾಗಿ ಅವನಿಗೆ ಪಾಸ್ ಬಂದದ್ದು ತಡವಾಗಿ. ತಡವಾದದ್ದು ಅದಕ್ಕೂ ಹಿಂದಿನವನು ಬಾಲನ್ನು ತಪ್ಪು ಕಾಲಿಗೆ ಕೊಟ್ಟಿದ್ದರಿಂದ. ಆದ್ದರಿಂದ ಪ್ರತಿ ಸಲವೂ ಎರಡು ಪಾಸ್ ಹಿಂದಕ್ಕೆ ಹೋಗಿ ನೋಡಿ.

ಮೊದಲು ಬಾಲು, ಆಮೇಲೆ ನೆಲ, ಆಮೇಲೆ ಆಟಗಾರ

ಐದನೇ ಸೈಜಿನ ಬಾಲಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ ಇರಬೇಕು. ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್, ಅಂದರೆ ಸುಮಾರು 8.5ರಿಂದ 15.6 ಪಿಎಸ್‌ಐ. ನಿಯಮ ಕೊಟ್ಟಿರುವ ಈ ಅಂತರ ದೊಡ್ಡದು, ಅದನ್ನು ಬಳಸಿಕೊಳ್ಳಿ. ನಮ್ಮ ಕೆಮ್ಮಣ್ಣು, ಗರಸಿನ ಮೈದಾನಗಳು ಬೇಸಿಗೆಯಲ್ಲಿ ಕಲ್ಲಿನಂತಾಗುತ್ತವೆ. ಅಲ್ಲಿ 12 ಪಿಎಸ್‌ಐ ತುಂಬಿದ ಬಾಲು ಮೊಣಕಾಲೆತ್ತರಕ್ಕೆ ಪುಟಿಯುತ್ತಲೇ ಬರುತ್ತದೆ. ಫಸ್ಟ್ ಟಚ್ ಯಾರಿಗೂ ಸಿಗುವುದಿಲ್ಲ. 9ಕ್ಕೆ ಇಳಿಸಿದರೆ ಅದೇ ಹುಡುಗರು ಬಾಲು ನಿಲ್ಲಿಸುತ್ತಾರೆ. ಹೆಬ್ಬೆರಳಲ್ಲಿ ಒತ್ತಿ ಹೇಳುವ ಲೆಕ್ಕ ಬೇಡ. ಪಂಕ್ಚರ್ ಅಂಗಡಿಯ ಗೇಜೂ ಬೇಡ, ಅದು 30ರ ಆಸುಪಾಸಿನ ಟೈರಿಗೆ ಮಾಡಿದ್ದು, 10ರ ಕೆಳಗೆ ಸರಿಯಾಗಿ ತೋರಿಸುವುದಿಲ್ಲ. ಬಾಲಿಗೆಂದೇ ಬರುವ ಸಣ್ಣ ಗೇಜ್ ಇಟ್ಟುಕೊಳ್ಳಿ. ಸೂಜಿಯನ್ನು ಒದ್ದೆ ಮಾಡದೆ ಚುಚ್ಚಿದರೆ ವಾಲ್ವ್ ಹರಿಯುತ್ತದೆ, ಆ ಬಾಲು ಪ್ರತಿ ದಿನ ಅರ್ಧ ಆಟಕ್ಕೆ ಮೆತ್ತಗಾಗುತ್ತದೆ.

ನೆಲದಲ್ಲಿ ನೋಡಬೇಕಾದ್ದು ಅಗಲ. ಹೆಜ್ಜೆ ಹಾಕಿ ಅಂದಾಜು ಮಾಡಬೇಡಿ, ಟೇಪ್ ಹಿಡಿಯಿರಿ. ನಿಯಮದ ಪ್ರಕಾರ ಅಗಲ 45 ಮೀಟರ್ ಇದ್ದರೂ ಸಾಕು, 90ರವರೆಗೂ ಇರಬಹುದು. ಆದರೆ 4-3-3ರ ಜೀವ ಇರುವುದೇ ವಿಂಗಿನಲ್ಲಿ. 55 ಮೀಟರಿಗಿಂತ ಕಿರಿದಾದ ಮೈದಾನದಲ್ಲಿ ಎದುರಾಳಿಯ ನಾಲ್ಕು ಬ್ಯಾಕ್‌ಗಳು ಪೂರ್ತಿ ಅಗಲವನ್ನು ಸಲೀಸಾಗಿ ಮುಚ್ಚುತ್ತಾರೆ. ಅಂಥ ಕಡೆ ಅಟ್ಯಾಕ್ ಕೂಡಿಬರದಿದ್ದರೆ ಅದು ಕಲಿಕೆಯ ದೋಷವಲ್ಲ. 400 ಮೀಟರ್ ಟ್ರ್ಯಾಕಿನ ಒಳಗಿನ ಮೈದಾನವಾದರೆ ಅಗಲ ಸುಮಾರು 73 ಮೀಟರ್ ಸಿಗುತ್ತದೆ. ಹೊಸ ಆಟವನ್ನು ಕಲಿಯುವ ತಿಂಗಳುಗಳಲ್ಲಿ ವಾರಕ್ಕೊಂದು ದಿನವಾದರೂ ಜಿಲ್ಲಾ ಕ್ರೀಡಾಂಗಣದ ಜಾಗ ಕೇಳಿಕೊಳ್ಳುವುದು ಒಳ್ಳೆಯದು. ಊರಿನ ಮೈದಾನವೇ ಗತಿ ಎಂದರೆ, ಹಿಂದಿನ ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ಎರಡೂ ಬಾಕ್ಸ್‌ಗಳ (ಗೋಲಿನ ಎದುರಿನ ಪೆನಾಲ್ಟಿ ಜಾಗ) ಮುಂದಿನ ಕಲ್ಲು ಆರಿಸಿ. ಕೀಪರ್ ಪಾಸ್ ಕೊಡುವ ಜಾಗದಲ್ಲಿ ಒಂದು ಕಲ್ಲು ಇದ್ದರೂ ಅವನು ಮತ್ತೆ ಎತ್ತಿ ಹೊಡೆಯಲು ಶುರುಮಾಡುತ್ತಾನೆ, ಅವನನ್ನು ಅಂದು ತಪ್ಪು ಎನ್ನಲಾಗದು.

ಆಷಾಢದ ಗಾಳಿ ಮಾತ್ರ ಹೊಸ ಆಟದ ಪರ. ಜೂನ್-ಜುಲೈನಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಎದುರಾಗಿ ಎತ್ತಿ ಹೊಡೆದ ಬಾಲು ಅರ್ಧ ಮೈದಾನವನ್ನೂ ದಾಟುವುದಿಲ್ಲ. ನೆಲದ ಪಾಸಿಗೆ ಆ ತೊಂದರೆ ಇಲ್ಲ. ಕಲಿಸುವುದಕ್ಕೆ ಅದೇ ಸರಿಯಾದ ಕಾಲ.

ದಾಖಲೆ ಇಲ್ಲದೆ ದೋಷ ಸಿಗದು

ಬೆಂಚಿನಲ್ಲಿ ಕೂತ ಆಟಗಾರನ ಕೈಗೆ ಒಂದು ಹಾಳೆ ಕೊಡಿ. ಮೈದಾನದ ಚಿತ್ರ ಬರೆದು ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಒಟ್ಟು ಒಂಬತ್ತು ಮನೆ ಮಾಡಿ. ಬಾಲು ಹೋದ ಮನೆಯಲ್ಲಿ ಗುಣಾಕಾರದ ಗುರುತು, ಅದಕ್ಕೆ ಎರಡು ಪಾಸ್ ಮುಂಚೆ ಬಾಲಿದ್ದ ಮನೆಯಲ್ಲಿ ಸೊನ್ನೆ. ಇಪ್ಪತ್ತು ಸಲದ ಗುರುತು ಸಾಕು. ಗುಣಾಕಾರಗಳು ಮೈದಾನವೆಲ್ಲ ಚೆಲ್ಲಿರುತ್ತವೆ; ಸೊನ್ನೆಗಳು ಒಂದೆರಡು ಮನೆಯಲ್ಲಿ ಗುಂಪುಗೂಡಿರುತ್ತವೆ. ದೋಷ ಆ ಗುಂಪಿನಲ್ಲಿದೆ.

ಮೊಬೈಲಿನಲ್ಲಿ ವಿಡಿಯೊ ಮಾಡುವವರು ಟಚ್ ಲೈನ್ ಪಕ್ಕ ನಿಲ್ಲುತ್ತಾರೆ. ಅಲ್ಲಿಂದ ಬಾಲು ಕಾಣುತ್ತದೆ, ಆಟಗಾರರ ನಡುವಿನ ಸಂದು ಕಾಣುವುದಿಲ್ಲ. ಗೋಲಿನ ಹಿಂದೆ, ಆದಷ್ಟು ಎತ್ತರದ ಜಾಗ ಹುಡುಕಿ: ಶಾಲೆಯ ತಾರಸಿ, ನಿಂತ ಟ್ರಾಕ್ಟರ್ ಟ್ರೇಲರ್, ಯಾವುದಾದರೂ ಸರಿ. ಮೊಬೈಲನ್ನು ಅಡ್ಡ ಹಿಡಿಯಿರಿ, ಬಾಲಿನ ಹಿಂದೆ ತಿರುಗಿಸಬೇಡಿ.

ಲಕ್ಷಣ: ಗೋಲ್ ಕಿಕ್‌ನಿಂದಲೇ ಬಾಲು ಹೋಗುತ್ತದೆ

2019ರ ನಿಯಮ ಬದಲಾವಣೆಯ ನಂತರ ಗೋಲ್ ಕಿಕ್ ಬಾಕ್ಸ್ ದಾಟಬೇಕಾಗಿಲ್ಲ. ಬಾಲು ಒದೆಸಿಕೊಂಡು ಅಲುಗಿದರೆ ಆಟ ಶುರು. ನಮ್ಮವರು ಬಾಕ್ಸಿನ ಒಳಗೇ ನಿಂತು ತೆಗೆದುಕೊಳ್ಳಬಹುದು, ಎದುರಾಳಿ ಅಲ್ಲಿಯವರೆಗೆ ಹೊರಗಿರಬೇಕು. ಹಲವು ತಂಡಗಳು ಟಿವಿಯಲ್ಲಿ ನೋಡಿ ಇದನ್ನು ಹಾಗೇ ಎತ್ತಿಕೊಳ್ಳುತ್ತವೆ. ಸ್ಟಾಪರ್‌ಗಳಿಬ್ಬರನ್ನು (ನಡುವಿನ ಬ್ಯಾಕ್‌ಗಳು) ಬಾಕ್ಸಿನ ಎರಡು ಅಂಚಿಗೆ ನಿಲ್ಲಿಸುತ್ತವೆ. ಬಾಕ್ಸಿನ ಅಗಲ 40.32 ಮೀಟರ್. ಒಬ್ಬನಿಂದ ಇನ್ನೊಬ್ಬನಿಗೆ 40 ಮೀಟರ್ ಪಾಸ್ ಗರಸು ನೆಲದಲ್ಲಿ ಹೋಗುವಷ್ಟರಲ್ಲಿ ಎದುರಾಳಿಯ ಸ್ಟ್ರೈಕರ್ ಚಹಾ ಕುಡಿದು ಬರಬಹುದು. ಕಲಿಯುವ ಕಾಲಕ್ಕೆ ಇಬ್ಬರ ನಡುವೆ 25 ಮೀಟರ್ ಸಾಕು. ಪಾಸಿನ ವೇಗ ಹೆಚ್ಚಿದಂತೆ ಅಗಲಿಸುತ್ತ ಹೋಗಿ.

ದೋಷ ಪಾಸಿನದೋ ನಿಲುವಿನದೋ ಎಂದು ತಿಳಿಯಲು ಒಂದು ಪರೀಕ್ಷೆ. ಎದುರಾಳಿಯೇ ಇಲ್ಲದೆ ಕೀಪರ್, ಇಬ್ಬರು ಸ್ಟಾಪರ್, ಒಬ್ಬ ಹಿಂಭಾಗದ ಮಿಡ್‌ಫೀಲ್ಡರ್, ಈ ನಾಲ್ವರಿಂದ ಹತ್ತು ಗೋಲ್ ಕಿಕ್ ಆಡಿಸಿ. ಹತ್ತರಲ್ಲಿ ಒಂಬತ್ತು ಸಲವಾದರೂ ಬಾಲು ಮಿಡ್‌ಫೀಲ್ಡರ್ ಕಾಲಿಗೆ ನಿಲ್ಲದಿದ್ದರೆ ಪಾಸಿನ ದೋಷ. ತಂತ್ರದ ಪಾಠ ನಿಲ್ಲಿಸಿ ದಿನಕ್ಕೆ ಹದಿನೈದು ನಿಮಿಷ ಬರೀ ಪಾಸ್ ಮಾಡಿಸಿ. ನಿಂತರೆ, ಇಬ್ಬರು ಎದುರಾಳಿಗಳನ್ನು ನಡೆಯುವ ವೇಗದಲ್ಲಿ ಬಿಡಿ. ಆಮೇಲೆ ಓಟದ ವೇಗದಲ್ಲಿ. ಎಲ್ಲಿ ಕೆಡುತ್ತದೋ ಅಲ್ಲಿ ನಿಲ್ಲಿಸಿ ಕಾರಣ ಹುಡುಕಿ.

ಕೆಡುವುದು ಹೆಚ್ಚಾಗಿ ಬಾಲು ತೆಗೆದುಕೊಳ್ಳುವ ಕಾಲಿನಲ್ಲಿ. ಎಡಗಡೆಯಿಂದ ಬಾಲು ಬರುತ್ತಿದೆ ಎಂದುಕೊಳ್ಳಿ. ಹುಡುಗ ಹತ್ತಿರದ ಎಡಗಾಲಿನಿಂದ ಅದನ್ನು ನಿಲ್ಲಿಸಿದರೆ ಅವನ ಮೈ ಬಾಲು ಬಂದ ಕಡೆಗೇ ಮುಚ್ಚಿಕೊಳ್ಳುತ್ತದೆ. ಈಗ ಅವನಿಗೆ ಕಾಣುವುದು ಪಾಸ್ ಕೊಟ್ಟವನೊಬ್ಬನೇ, ವಾಪಸ್ ಕೊಡುವುದು ಬಿಟ್ಟು ದಾರಿಯಿಲ್ಲ, ಅದು ಎದುರಾಳಿಗೂ ಗೊತ್ತು. ಅದೇ ಬಾಲನ್ನು ಮೈಮುಂದೆ ಹಾಯಲು ಬಿಟ್ಟು ಬಲಗಾಲಿನ ಒಳಬದಿಯಿಂದ ತಡೆದರೆ ಸೊಂಟ ಆಗಲೇ ಮುಂದಕ್ಕೆ ತೆರೆದಿರುತ್ತದೆ, ಎರಡನೇ ಟಚ್ಚಿಗೆ ಬಲಗಡೆಯ ಸೈಡ್ ಬ್ಯಾಕ್ ಸಿಗುತ್ತಾನೆ. ಬಾಲು ಒಂದೇ, ವ್ಯತ್ಯಾಸ ಒಂದು ಗೇಣಿನದು. ಹಾಗಾಗಿ ಕೊಡುವವನಿಗೂ ಹೇಳಬೇಕು: "ಅವನಿಗೆ ಕೊಡು" ಎಂದರೆ ಸಾಲದು, "ಅವನ ಬಲಗಾಲಿಗೆ ಕೊಡು" ಎನ್ನಬೇಕು.

ಇಬ್ಬರು ಪ್ರೆಸ್ ಮಾಡಲು, ಅಂದರೆ ಮುಂದೆ ಬಂದು ಬಾಲು ಕಸಿಯಲು, ಬಂದರೆ ಮಿಡ್‌ಫೀಲ್ಡರ್ ಒಬ್ಬ ಸ್ಟಾಪರ್‌ಗಳ ನಡುವೆ ಇಳಿಯಲಿ, ಮೂವರ ಎದುರು ಇಬ್ಬರಾಗುತ್ತಾರೆ. ಮೂವರೋ ನಾಲ್ವರೋ ಬಂದರೆ ಎತ್ತಿ ಹೊಡೆಯುವುದೇ ಸರಿ. ಇದನ್ನು ನಿಷೇಧಿಸುವ ಕೋಚ್‌ಗಳಿದ್ದಾರೆ, ಅದು ಹಟ. ಅಷ್ಟು ಜನ ಮುಂದೆ ಬಂದರೆ ಅವರ ಹಿಂದೆ ಮೈದಾನ ಖಾಲಿ ಇರುತ್ತದೆ. ಜೊತೆಗೆ ಗೋಲ್ ಕಿಕ್‌ನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡ್ (ಎದುರಾಳಿ ಬ್ಯಾಕ್‌ಗಳ ಬೆನ್ನ ಹಿಂದೆ ನಿಂತು ಪಾಸ್ ಪಡೆಯುವ ತಪ್ಪು) ಇಲ್ಲ. ಸ್ಟ್ರೈಕರ್ ಎದುರಾಳಿ ಬ್ಯಾಕ್‌ಗಳ ಬೆನ್ನ ಹಿಂದೆ ಹೋಗಿ ನಿಂತರೆ ಅವರಲ್ಲಿ ಒಬ್ಬಿಬ್ಬರು ಹಿಂದೆ ಸರಿಯಲೇಬೇಕು. ಆ ಒಂದು ಬೆದರಿಕೆಯಿಂದಲೇ ಪ್ರೆಸ್ ಸಡಿಲವಾಗುತ್ತದೆ.

ಕೀಪರ್ ಬಗ್ಗೆ ಒಂದು ಮಾತು. ನಮ್ಮವರೇ ಕಾಲಿನಿಂದ ಬೇಕೆಂದು ಹಿಂದಕ್ಕೆ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಈ ನಿಯಮ 1992ರಿಂದಲೂ ಇದೆ. 2025-26ರಿಂದ ಕೈಯಲ್ಲಿ ಹಿಡಿದ ಬಾಲನ್ನು 8 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಎಲ್ಲರೂ ಜಾಗಕ್ಕೆ ಬರಲಿ ಎಂದು ಕಾಯುತ್ತಾ ನಿಲ್ಲುವ ಕೀಪರ್‌ಗೆ ಅಷ್ಟು ಹೊತ್ತಿಲ್ಲ. ಜಾಗ ಹಿಡಿಯುವುದು ಉಳಿದವರ ಕೆಲಸ, 5 ಎಣಿಸುವುದರೊಳಗೆ.

ಲಕ್ಷಣ: ಬಾಲು ನಮ್ಮದೇ, ಆದರೆ ಮುಂದೆ ಹೋಗುತ್ತಿಲ್ಲ

ಲೆಫ್ಟ್ ಬ್ಯಾಕ್‌ನಿಂದ ಸ್ಟಾಪರ್, ಸ್ಟಾಪರ್‌ನಿಂದ ಸ್ಟಾಪರ್, ಅಲ್ಲಿಂದ ರೈಟ್ ಬ್ಯಾಕ್, ಮತ್ತೆ ವಾಪಸ್. ಹಾಳೆಯ ಮೇಲೆ ಪಾಸ್‌ಗಳ ಗೆರೆ ಎಳೆದರೆ ಎತ್ತಿನ ಲಾಳದ ಹಾಗೆ ಕಾಣುತ್ತದೆ. ನೋಡುವವರು "ಸ್ಟಾಪರ್‌ಗಳಿಗೆ ಧೈರ್ಯವಿಲ್ಲ" ಎನ್ನುತ್ತಾರೆ. ಧೈರ್ಯದ ಪ್ರಶ್ನೆಯಲ್ಲ, ಅವರಿಗೆ ಕೊಡಲು ಜನವಿಲ್ಲ.

ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ. ಬಾಲು ಹಿಡಿದವನಿಂದ ಪ್ರತಿ ಜೊತೆಗಾರನವರೆಗೆ ಹಗ್ಗ ಎಳೆದರೆ ಎಷ್ಟು ಹಗ್ಗ ಎದುರಾಳಿಗೆ ತಾಗದೆ ಹೋಗುತ್ತದೆ, ಎಣಿಸಿ. ಮೂರಕ್ಕಿಂತ ಕಡಿಮೆಯಿದ್ದರೆ, ಅದರಲ್ಲೂ ಮುಂದಕ್ಕೆ ಒಂದೂ ಇಲ್ಲದಿದ್ದರೆ, ದೋಷ ಮಿಡ್‌ಫೀಲ್ಡಿನದು. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಹಿಂಭಾಗದ ಮಿಡ್‌ಫೀಲ್ಡರ್ ಎದುರಾಳಿ ಸ್ಟ್ರೈಕರ್‌ನ ಬೆನ್ನ ನೆರಳಿನಲ್ಲಿ ನಿಂತು "ಕೊಡೋ, ಕೊಡೋ" ಎನ್ನುತ್ತಿರುತ್ತಾನೆ. ಅವನಿಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದೊಂದೇ ಮದ್ದು. ಇಲ್ಲವೇ ಮಿಡ್‌ಫೀಲ್ಡಿನ ಮೂವರೂ ಒಂದೇ ಗೆರೆಯಲ್ಲಿ ನಿಂತಿರುತ್ತಾರೆ. ಒಬ್ಬ ಎದುರಾಳಿ ಸಾಲಿನ ಮುಂದೆ, ಒಬ್ಬ ಸಾಲಿನ ಹಿಂದೆ, ಒಬ್ಬ ನಡುವೆ, ಹೀಗೆ ಮೆಟ್ಟಿಲಾಗಿ ನಿಲ್ಲಬೇಕು. ಮರೆಯುತ್ತಾರೆ ಎಂದಾದರೆ ಮೈದಾನಕ್ಕೆ ಅಡ್ಡಲಾಗಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಒಂದೇ ಪಟ್ಟಿಯಲ್ಲಿ ಇಬ್ಬರಿಗಿಂತ ಹೆಚ್ಚು ಮಿಡ್‌ಫೀಲ್ಡರ್ ನಿಂತರೆ ಬಾಲು ಎದುರಾಳಿಗೆ ಎಂದು ಕಟ್ಟು ಮಾಡಿ. ಒಂದು ವಾರದಲ್ಲಿ ಸರಿಯಾಗುತ್ತದೆ.

ಬಾಲು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡುವ ಅಭ್ಯಾಸ ಮಾತ್ರ ಒಂದು ವಾರಕ್ಕೆ ಬರುವುದಿಲ್ಲ. ಪಾಸ್ ಹೊರಟಾಗ ಆಟಗಾರನ ಬೆನ್ನ ಹಿಂದೆ ಒಬ್ಬ ಬೆರಳು ಎತ್ತಿ ಹಿಡಿಯಲಿ. ಬಾಲು ಮುಟ್ಟುವ ಮುಂಚೆ ಎಷ್ಟು ಬೆರಳು ಎಂದು ಕೂಗಬೇಕು. ದಿನಕ್ಕೆ ಐದು ನಿಮಿಷ, ಬಿಡದೆ. ಆಟದಲ್ಲಿ ಬಳಸುವುದಕ್ಕೆ 25×20 ಮೀಟರ್ ಚೌಕದಲ್ಲಿ ನಾಲ್ವರಿಗೆ ನಾಲ್ವರು, ಜೊತೆಗೆ ಬಾಲು ಯಾರದೋ ಅವರ ಪರ ಆಡುವ ಮೂವರು. ನಾಲ್ಕು ನಿಮಿಷ ಆಟ, ಒಂದೂವರೆ ನಿಮಿಷ ವಿಶ್ರಾಂತಿ, ಐದು ಸುತ್ತು. ಮೂವರಲ್ಲಿ ಒಬ್ಬ ಹಿಂಭಾಗದ ಮಿಡ್‌ಫೀಲ್ಡರೇ ಆಗಿರಲಿ.

ಕೋಲಾರ ಜಿಲ್ಲೆಯ ತಂಡಗಳಲ್ಲಿ ಇನ್ನೊಂದು ಕಾರಣವೂ ಸಿಗುತ್ತದೆ. ಕೆಜಿಎಫ್‌ನವನು ತಮಿಳಿನಲ್ಲಿ ಕೂಗುತ್ತಾನೆ, ಮುಳಬಾಗಿಲಿನವನು ತೆಲುಗಿನಲ್ಲಿ, ಇನ್ನೊಬ್ಬ ಉರ್ದುವಿನಲ್ಲಿ. ಎತ್ತಿ ಹೊಡೆಯೋ ಆಟಕ್ಕೆ ಕೂಗು ಬೇಕಿಲ್ಲ, ಈ ಆಟಕ್ಕೆ ಬೇಕು. ಮೂರೇ ಕೂಗು ಇಟ್ಟುಕೊಳ್ಳಿ: "ತಿರುಗು" (ಹಿಂದೆ ಯಾರೂ ಇಲ್ಲ), "ಬಂದ" (ಬೆನ್ನಿಗೆ ಬಿದ್ದಿದ್ದಾನೆ), "ವಾಪಸ್". ಯಾವ ಭಾಷೆಯದ್ದಾದರೂ ಆಗಲಿ, ಹನ್ನೊಂದು ಜನರಿಗೂ ಒಂದೇ. ಕೂಗಬೇಕಾದವನು ಪಾಸ್ ಕೊಟ್ಟವನು, ಕೋಚ್ ಅಲ್ಲ.

ಲಕ್ಷಣ: ಪದೇ ಪದೇ ಆಫ್‌ಸೈಡ್

ಬೈಗುಳ ಸ್ಟ್ರೈಕರ್‌ಗೆ, ತಪ್ಪು ಪಾಸ್ ಕೊಟ್ಟವನದು. ಆಫ್‌ಸೈಡ್ ತೀರ್ಮಾನವಾಗುವುದು ಪಾಸ್ ಕೊಡಲು ಕಾಲು ಬಾಲಿಗೆ ತಾಗಿದ ಗಳಿಗೆಯಲ್ಲಿ. ಸ್ಟ್ರೈಕರ್ ಸರಿಯಾದ ಹೊತ್ತಿಗೆ ಹೊರಟಿರುತ್ತಾನೆ. ಕೊಡುವವನು ಇನ್ನೊಂದು ಟಚ್ ಹಾಕುತ್ತಾನೆ, ಅಷ್ಟರಲ್ಲಿ ಓಡುವವನು ಮೂರು ಮೀಟರ್ ಆಚೆ. ಪರೀಕ್ಷೆ: ಹತ್ತು ಸಲ ಕಡ್ಡಾಯ ಒಂದೇ ಟಚ್ಚಿನಲ್ಲಿ ಕೊಡಿಸಿ, ಹತ್ತು ಸಲ ಎರಡು ಟಚ್ಚಿನಲ್ಲಿ. ಮೊದಲನೆಯದರಲ್ಲಿ ಆಫ್‌ಸೈಡ್ ಕಡಿಮೆಯಾದರೆ ಸ್ಟ್ರೈಕರ್‌ನನ್ನು ಬಿಟ್ಟುಬಿಡಿ. ಎರಡರಲ್ಲೂ ಹಾಗೇ ಇದ್ದರೆ ಅವನಿಗೆ ನೇರ ಓಟ ಬಿಡಿಸಿ, ಬ್ಯಾಕ್‌ಗಳ ಗೆರೆಯ ಉದ್ದಕ್ಕೆ ಅಡ್ಡ ಓಡಿ ಆಮೇಲೆ ಒಳಗೆ ತಿರುಗುವ ಬಾಗಿದ ಓಟ ಕಲಿಸಿ. ಕೊನೆಯಿಂದ ಎರಡನೆಯ ಎದುರಾಳಿಗೆ ಸಮನಾಗಿದ್ದರೆ ಆಫ್‌ಸೈಡ್ ಅಲ್ಲ; ಗೆರೆಯ ಮೇಲೆ ಇರುವುದಕ್ಕೆ ಹೆದರಬೇಕಿಲ್ಲ.

ಲಕ್ಷಣ: ಕ್ರಾಸ್ ಬರುತ್ತದೆ, ಬಾಕ್ಸಿನಲ್ಲಿ ಜನವಿಲ್ಲ

ಇಬ್ಬರು ಸ್ಟ್ರೈಕರ್‌ಗಳಿಂದ ಒಬ್ಬನಿಗೆ ಇಳಿದ ತಂಡಕ್ಕೆ ಇದು ತಪ್ಪದು. ಬಲಗಡೆಯಿಂದ ಕ್ರಾಸ್ (ಅಂಚಿನಿಂದ ಬಾಕ್ಸಿಗೆ ಕೊಡುವ ಪಾಸ್) ಬರುವಾಗ ಸ್ಟ್ರೈಕರ್ ಹತ್ತಿರದ ಕಂಬಕ್ಕೆ, ಎಡ ವಿಂಗರ್ ದೂರದ ಕಂಬಕ್ಕೆ, ಒಬ್ಬ ಮಿಡ್‌ಫೀಲ್ಡರ್ ಪೆನಾಲ್ಟಿ ಗುರುತಿಗೆ, ಇನ್ನೊಬ್ಬ ಬಾಕ್ಸಿನ ಅಂಚಿಗೆ. ಎಡ ವಿಂಗರ್ ಗೆರೆಯ ಪಕ್ಕ ನಿಂತು ನೋಡುತ್ತಿದ್ದರೆ ಇಡೀ ಯೋಜನೆ ಸತ್ತಂತೆ. ನಮ್ಮ ಮೈದಾನಗಳಲ್ಲಿ ಎತ್ತರದ ಕ್ರಾಸಿಗಿಂತ ಗೋಲ್ ಲೈನಿನ ಹತ್ತಿರದಿಂದ ಹಿಂದಕ್ಕೆ ಎಳೆದು ಕೊಡುವ ನೆಲದ ಪಾಸ್ ಹೆಚ್ಚು ಗೋಲು ಕೊಡುತ್ತದೆ. ಬ್ಯಾಕ್‌ಗಳು ತಮ್ಮ ಗೋಲಿನ ಕಡೆ ಓಡುತ್ತಿರುತ್ತಾರೆ, ಬಾಲು ಅವರ ಬೆನ್ನಿಗೆ ಹೋಗುತ್ತದೆ.

ಲಕ್ಷಣ: ಚೆನ್ನಾಗಿ ಆಡುತ್ತೇವೆ, ಆದರೆ ಗೋಲು ಅವರೇ ಹೊಡೆಯುತ್ತಾರೆ

ಹಾಳೆಯಲ್ಲಿ ನೋಡಿ: ಬಾಲು ಹೋದಾಗ ಸೈಡ್ ಬ್ಯಾಕ್ ಇಬ್ಬರೂ ಮೇಲಿದ್ದರೇ? ಹೌದು ಎಂದಾದರೆ ಕಾರಣ ಸಿಕ್ಕಿತು. ಒಬ್ಬ ಏರಿದರೆ ಇನ್ನೊಬ್ಬ ಸ್ಟಾಪರ್‌ಗಳ ಸಾಲಿಗೆ ಬರಬೇಕು, ಹಿಂಭಾಗದ ಮಿಡ್‌ಫೀಲ್ಡರ್ ಅವರ ಮುಂದೆ ನಿಲ್ಲಬೇಕು. ನಮ್ಮ ಅಟ್ಯಾಕ್ ನಡೆಯುತ್ತಿರುವಾಗಲೇ ಈ ನಾಲ್ವರು ಜಾಗದಲ್ಲಿರಬೇಕು. ಬಾಲು ಹೋದ ಮೇಲೆ ಓಡಿಬರುವುದು ತಡ. ಹತ್ತಿರದ ಇಬ್ಬರು ಮೊದಲ 5 ಸೆಕೆಂಡ್ ಬಾಲಿನ ಮೇಲೆ ಬೀಳಲಿ, ಸಿಗದಿದ್ದರೆ ಎಲ್ಲರೂ ಹಿಂದೆ ಸರಿಯಲಿ.

ಲಕ್ಷಣ: ಪ್ರಾಕ್ಟೀಸಿನಲ್ಲಿ ಸರಿ, ಮ್ಯಾಚಿನಲ್ಲಿ ಮಾಯ

ಇದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಕಾರಣಗಳು ಒಂದರ ಮೇಲೊಂದು ಕೂತಿರುತ್ತವೆ. ಯಾವ ನಿಮಿಷದಲ್ಲಿ ಮಾಯವಾಗುತ್ತದೆ ಎಂದು ಮೊದಲು ನೋಡಿ. ಆರಂಭದ ಹತ್ತು ನಿಮಿಷದಲ್ಲೇ ಆದರೆ, ಪ್ರಾಕ್ಟೀಸಿನಲ್ಲಿ ನಿಜವಾದ ಎದುರಾಳಿಯೇ ಇರಲಿಲ್ಲ ಎಂದರ್ಥ. ಕೋನ್‌ಗಳು ಪ್ರೆಸ್ ಮಾಡುವುದಿಲ್ಲ. ಅರವತ್ತನೇ ನಿಮಿಷದ ನಂತರ ಆದರೆ ದಣಿವು. ದಣಿದ ಕಾಲು ಹೊಸದನ್ನು ಬಿಟ್ಟು ಹಳೆಯದನ್ನೇ ಮಾಡುತ್ತದೆ, ಆದ್ದರಿಂದ ಹೊಸ ಪಾಠವನ್ನು ಪ್ರಾಕ್ಟೀಸಿನ ಕೊನೆಯ ಕಾಲು ಗಂಟೆಯಲ್ಲೂ ಮಾಡಿಸಬೇಕು. ಗೋಲು ಬಿಟ್ಟುಕೊಟ್ಟ ತಕ್ಷಣ ಆದರೆ ಅದು ಭಯ. ಆ ಭಯದ ಮೂಲ ಟಚ್ ಲೈನಿನ ಬಳಿ ಕೂಗುತ್ತಿರುವ ಕೋಚ್ ಅಥವಾ ತಂಡದ ಹಿರಿಯ. "ಏ, ಎತ್ತಿ ಹೊಡಿಯೋ!" ಎಂದು ಒಂದು ಸಲ ಕೇಳಿದರೂ ಸಾಕು, ಕೀಪರ್ ಆ ದಿನವಿಡೀ ನೆಲದ ಪಾಸ್ ಕೊಡುವುದಿಲ್ಲ.

ಪ್ರಮಾಣವೂ ಮುಖ್ಯ. ವಾರಕ್ಕೆ ಮೂರು ದಿನ ಸೇರುವ ತಂಡಕ್ಕೆ ಎಂಟು ವಾರ ಇಟ್ಟುಕೊಳ್ಳಿ: ಮೊದಲ ಎರಡು ವಾರ ಕೀಪರ್ ಮತ್ತು ಬ್ಯಾಕ್‌ಗಳು, ಮುಂದಿನ ಮೂರು ವಾರ ಮಿಡ್‌ಫೀಲ್ಡ್, ಆಮೇಲೆ ಎರಡು ವಾರ ಬಾಕ್ಸಿನೊಳಗಿನ ಓಟ, ಕೊನೆಯ ವಾರ ಬಾಲು ಹೋದಾಗಿನ ಕೆಲಸ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ತಿಳಿಯುವುದಿಲ್ಲ. ನಡುವೆ ಸೆಮಿಸ್ಟರ್ ಪರೀಕ್ಷೆ ಬಂದು ಹದಿನೈದು ದಿನ ಬಿಟ್ಟರೆ ಎರಡು ಹೆಜ್ಜೆ ಹಿಂದಿನಿಂದ ಶುರುಮಾಡಿ. ಎಂಟು ವಾರ ಹೆಚ್ಚಾಯಿತು ಎನ್ನುವವರಿಗೆ: ಸೈಯದ್ ಅಬ್ದುಲ್ ರಹೀಂ ಅವರ ತರಬೇತಿಯಲ್ಲಿದ್ದ ಭಾರತ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾಕ್ಕೆ 1-10ರಿಂದ ಸೋತಿತು, ಅದೇ ಕೋಚ್ ಕೈಯಲ್ಲಿ 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ನಾಲ್ಕು ವರ್ಷದ ಮೇಲೆ.

ಇಷ್ಟಾದರೂ ಸೊನ್ನೆಗಳ ಗುಂಪು ಕೀಪರ್ ಮನೆಯಿಂದ ಕದಲದಿದ್ದರೆ ಅವನ ಕಾಲಿಗೆ ಈ ಆಟ ಒಗ್ಗಿಲ್ಲ. ಹಾಗಂತ ಪೂರ್ತಿ ಕೈಬಿಡಬೇಕಿಲ್ಲ. ಗೋಲ್ ಕಿಕ್ ಮಾತ್ರ ದೂರಕ್ಕೆ ಹೊಡೆಸಿ, ಎರಡನೇ ಬಾಲಿಗೆ (ಮೇಲಿನಿಂದ ಬಂದು ತಾಗಿ ಚಿಮ್ಮಿದ ಬಾಲು) ಮಿಡ್‌ಫೀಲ್ಡಿನ ಮೂವರನ್ನೂ ಸ್ಟ್ರೈಕರ್‌ನಿಂದ 10 ಮೀಟರ್ ಒಳಗೆ ನಿಲ್ಲಿಸಿ, ಬಾಲು ಸಿಕ್ಕ ಮೇಲೆ ನೆಲದ ಆಟ ಶುರುಮಾಡಿ. ತ್ರೋ-ಇನ್ ಮತ್ತು ಫ್ರೀ ಕಿಕ್‌ಗಳಿಂದ ಹಿಂದಿನ ಪಾಸ್‌ಗಳ ಅಭ್ಯಾಸ ಮುಂದುವರಿಯಲಿ. ಎರಡನೇ ಕೀಪರ್ ಇದ್ದರೆ ಇಂದಿನಿಂದಲೇ ಅವನನ್ನು ಬ್ಯಾಕ್‌ಗಳ ಪಾಸಿಂಗ್ ಚೌಕದೊಳಗೆ ಹಾಕಿ, ಕೈಗವಸು ಕಳಚಿಸಿ.